ಸಂಘದ ಕಟ್ಟಡದಲ್ಲಿ ತಲೆ ಎಣಿಕೆ: ಸೆನ್ಸರ್ ಎಲ್ಲೆಲ್ಲಿ ಕೂರಬೇಕು?

ಮುಂಬೈ ಮುಲುಂಡಿನ ನಮ್ಮ ಕನ್ನಡ ಸಂಘದ ಕಟ್ಟಡದಲ್ಲಿ ಜನ ಎಣಿಸುವ ಸೆನ್ಸರ್ ಹಾಕುವ ಕೆಲಸ ಈ ವಾರ ಸ್ವಲ್ಪ ಮುಂದೆ ಹೋಯಿತು. ಲೈಬ್ರರಿ ಸಂಜೆ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು ಕಮಿಟಿಯ ಹಳೇ ಪ್ರಶ್ನೆ. ಯಾವ ಹೊತ್ತಿಗೆ ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಸಿಕ್ಕರೆ ಅದು ಬಗೆಹರಿಯುತ್ತದೆ.

ಕ್ಯಾಮೆರಾ ಬೇಡ ಅಂತ ಹಿರಿಯರು ಮೊದಲೇ ಹೇಳಿದ್ದರು, ಅದು ಸರಿಯೇ. ಹಾಗಾಗಿ ವಿಎಲ್53ಎಲ್5ಸಿಎಕ್ಸ್ ಅನ್ನೋ ದೂರ ಅಳೆಯುವ ಸೆನ್ಸರ್ ಆರಿಸಿಕೊಂಡೆ. ಕಣ್ಣಿಗೆ ಕಾಣದ ಲೇಸರ್ ಬೆಳಕು ಬಿಟ್ಟು, ಅದು ತಿರುಗಿ ಬರುವ ಸಮಯದಿಂದ ದೂರ ಅಳೆಯುತ್ತದೆ. 8×8, ಅಂದರೆ 64 ಚೌಕಗಳಲ್ಲಿ ಬರೀ ದೂರದ ಅಂಕಿ. ಮುಖ ಗಿಖ ಏನೂ ಸಿಗಲ್ಲ.

ಹಾಲ್ ಬಾಗಿಲೇ ಕಷ್ಟದ್ದು. ಅಗಲ 1.8 ಮೀಟರ್, ಸೀಲಿಂಗ್ ಎತ್ತರ 3.2 ಮೀಟರ್. ಸೆನ್ಸರ್ ಸೀಲಿಂಗಿನಿಂದ ಕೆಳಕ್ಕೆ 45 ಡಿಗ್ರಿ ಅಗಲಕ್ಕೆ ನೋಡುತ್ತದೆ. ನೆಲದ ಮೇಲೆ ಲೆಕ್ಕ ಹಾಕಿದರೆ ಸುಮಾರು 2.6 ಮೀಟರ್. ಒಂದೇ ಸಾಕು ಅನಿಸುತ್ತದೆ, ಅಲ್ವಾ? ಆದರೆ ನಾವು ಎಣಿಸೋದು ತಲೆ, ಕಾಲಲ್ಲ. 1.6 ಮೀಟರ್ ಎತ್ತರಕ್ಕೆ ಬಂದರೆ ಉಳಿಯೋದು 1.3 ಮೀಟರ್ ಮಾತ್ರ. ಸೀಲಿಂಗಿನಿಂದ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಈ ಎರಡೂ ಅಳತೆಯ ಚೌಕ ಸೀಮೆಸುಣ್ಣದಲ್ಲಿ ಬರೆದೆ. ದೊಡ್ಡದರೊಳಗೆ ಚಿಕ್ಕದು. ವಾಚ್‌ಮನ್ ಕಾಕಾ ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ನಡೆದು ತೋರಿಸಿದರು. ಅವರ ತಲೆ ಚಿಕ್ಕ ಚೌಕದ ಅಂಚಿಗೆ ಬಂತು, ಒಂದು ಭುಜ ಪೂರ್ತಿ ಹೊರಗೆ.

ಅದಕ್ಕೇ ಇಲ್ಲಿ ಅಕ್ಕಪಕ್ಕ ಎರಡು, ನಡುವೆ 90 ಸೆಂಟಿಮೀಟರ್. ಆಗ ಮಧ್ಯದಲ್ಲಿ ಹೋಗುವವರು ಎರಡಕ್ಕೂ ಕಾಣುತ್ತಾರೆ. ಮಕ್ಕಳ ವಿಷಯ ಇನ್ನೂ ಜಾಸ್ತಿ: ಒಂದು ಮೀಟರ್ ಎತ್ತರದಲ್ಲಿ ಒಂದೊಂದು ಸೆನ್ಸರಿನ ನೋಟವೂ 1.8 ಮೀಟರ್ ಇರುತ್ತದೆ. ಒಂದೇ ಮಗು ಎರಡು ಸಲ ಲೆಕ್ಕಕ್ಕೆ ಬರಬಾರದು. ಹಾಗಾಗಿ ಎರಡನ್ನೂ ಒಂದೇ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸೇರಿಸಿ, ಎರಡರ ದೂರದ ಅಂಕಿಗಳನ್ನೂ ಜೋಡಿಸಿದ ಮೇಲೆಯೇ ಎಣಿಸುತ್ತೇನೆ. ಆನ್ ಮಾಡಿದಾಗ ಎರಡೂ ಸೆನ್ಸರ್ ಒಂದೇ ವಿಳಾಸದಲ್ಲಿ, ಅಂದರೆ ಬೋರ್ಡ್ ಅವನ್ನು ಗುರುತಿಸುವ ಒಂದೇ ನಂಬರಿನಲ್ಲಿ, ಎದ್ದೇಳುತ್ತವೆ. ಒಂದನ್ನು ತಡೆಹಿಡಿದು ಇನ್ನೊಂದರ ವಿಳಾಸ ಬದಲಿಸಬೇಕು.

ಲೈಬ್ರರಿ ಬಾಗಿಲು 90 ಸೆಂಟಿಮೀಟರ್. ಅಲ್ಲಿ ಒಂದೇ ಸಾಕು. ಆದರೆ ಬಾಗಿಲ ನೇರಕ್ಕೆ ಹಾಕುವ ಹಾಗಿಲ್ಲ. ಜನ ಅಲ್ಲೇ ನಿಂತು ಚಪ್ಪಲಿ ಬಿಡುತ್ತಾರೆ, ಮಳೆಗಾಲದಲ್ಲಿ ಛತ್ರಿ ಕೊಡವುತ್ತಾರೆ, ಮಾತಾಡುತ್ತಾ ಹಿಂದೆ ಮುಂದೆ ಸರಿಯುತ್ತಾರೆ. ನಿಲ್ಲುವ ಜಾಗದಲ್ಲಿ ಎಣಿಕೆ ಕೆಡುತ್ತದೆ, ನಡೆಯುವ ಜಾಗ ಬೇಕು. ಚಪ್ಪಲಿ ಸ್ಟ್ಯಾಂಡ್ ದಾಟಿ, ಎರಡು ಕಪಾಟುಗಳ ನಡುವಿನ ಓಣಿಯಂಥ ಜಾಗ ಇದೆ. ಎಲ್ಲರೂ ಅಲ್ಲಿಂದಲೇ ಒಳಗೆ ಹೋಗಬೇಕು. ಇಡೀ ಕಟ್ಟಡದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಮೆಟ್ಟಿಲ ಮೇಲೆ ಹಾಕಲ್ಲ, ಹೆಜ್ಜೆಗೊಂದು ಎತ್ತರ ಬದಲಾಗುತ್ತದೆ. ಫ್ಯಾನ್ ರೆಕ್ಕೆ ನೋಟದೊಳಗೆ ಬರಬಾರದು. ಪಡುವಣ ಕಿಟಕಿಯ ಬಿಸಿಲು ಬೀಳುವ ಕಡೆಯೂ ಬೇಡ, ಬಿಸಿಲಲ್ಲಿ ಅಳೆಯುವ ದೂರ ಕಮ್ಮಿಯಾಗುತ್ತದೆ.

ಉಳಿದದ್ದು ಹಾಲ್ ಹಿಂದಿನ ಅಡುಗೆಮನೆ ಬಾಗಿಲು. ಅಲ್ಲಿ ಸೆನ್ಸರ್ ಹಾಕದಿದ್ದರೆ, ಆ ಬಾಗಿಲಿಂದ ಹೊರಟವರು ಲೆಕ್ಕದಲ್ಲಿ ಒಳಗೇ ಉಳಿದುಬಿಡುತ್ತಾರೆ. ಕೇಟರಿಂಗ್‌ನವರು ತಲೆ ಮೇಲೆ ಪಾತ್ರೆ ಹೊತ್ತು ಅಲ್ಲಿಂದಲೇ ಓಡಾಡುತ್ತಾರೆ. ಸೀಲಿಂಗ್ ಕೂಡ ಅಲ್ಲಿ ತಗ್ಗು. ಮುಂದಿನ ಊಟದ ಕಾರ್ಯಕ್ರಮದ ದಿನ ಅಲ್ಲಿ ಒಂದು ಸೆನ್ಸರ್ ಟೇಪಿನಿಂದ ಅಂಟಿಸಿ, ಪಾತ್ರೆ ಹೊತ್ತವರು ಅಂಕಿಯಲ್ಲಿ ಹೇಗೆ ಕಾಣುತ್ತಾರೆ ನೋಡಬೇಕು. ಆಮೇಲೆಯೇ ಡ್ರಿಲ್.