ಒಳಗೆ ಕಾಗದವಿಲ್ಲ, ಆದರೂ ಜಾಮ್

ಪುನರ್ವಸು ಮಳೆ ಹಿಡಿದಿತ್ತು. ಆ ದಿನಗಳಲ್ಲಿ ನಮ್ಮ ಕಾಲೇಜು ಕಚೇರಿಯಲ್ಲಿ ವ್ಯಾಸಂಗ ಪ್ರಮಾಣ ಪತ್ರದ್ದೇ ಕೆಲಸ. ಬಸ್ ಪಾಸಿಗೆ, ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್ ಅರ್ಜಿಗೆ, ಎಲ್ಲಕ್ಕೂ ಅದು ಬೇಕು. ಹಳ್ಳಿಗಳಿಂದ ಬರುವ ಮಕ್ಕಳು ಮಧ್ಯಾಹ್ನದ ಬಸ್ಸಿಗೆ ಮೊದಲು ಕೈಗೆ ಸಿಕ್ಕರೆ ಸಾಕೆಂದು ಕಿಟಕಿಯೆದುರು ಸಾಲುಗಟ್ಟಿರುತ್ತಾರೆ. ಅಂಥ ಹೊತ್ತಿನಲ್ಲೇ ಲೇಸರ್ ಪ್ರಿಂಟರ್ ಕೈಕೊಟ್ಟಿತು. ಪರದೆಯಲ್ಲಿ ‘ಪೇಪರ್ ಜಾಮ್’ ಎಂದು ಬಂತು. ಟ್ರೇ ಎಳೆದೆ, ಕಾರ್ಟ್ರಿಜ್ ತೆಗೆದೆ, ಹಿಂಬದಿಯ ಬಾಗಿಲು ಬಿಚ್ಚಿದೆ. ಎಲ್ಲೂ ಒಂದು ಹಾಳೆಯಿಲ್ಲ. ಮುಚ್ಚಿ ಮತ್ತೆ ಆನ್ ಮಾಡಿದರೆ ಅದೇ ಕೆಂಪು ದೀಪ.

“ಬೋರ್ಡೇ ಹೋಗಿರಬೇಕು ಸರ್, ಮೆಕ್ಯಾನಿಕ್‌ಗೆ ಹೇಳಿಬಿಡಿ” ಎಂದರು ಪಕ್ಕದ ಮೇಜಿನವರು. ಮೆಕ್ಯಾನಿಕ್ ಶಿವಮೊಗ್ಗದಿಂದ ಬರಬೇಕು. ಆ ಮಳೆಯಲ್ಲಿ ಅವರು ಬಂದು ತಲುಪುವವರೆಗೆ ಮಕ್ಕಳನ್ನು ಕಾಯಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ನನಗೆ ಮೊದಲು ದಾರಿ ತೋರಿದ್ದು ಸದ್ದು. ಹಾಳೆ ನಿಜವಾಗಿ ಸಿಕ್ಕಿಕೊಳ್ಳುವಾಗ ರೋಲರ್ ತಿರುಗಿದ್ದು ಕೇಳಿಸುತ್ತದೆ, ಹಾಳೆ ಸರಿದದ್ದು ಕೇಳಿಸುತ್ತದೆ, ಆಮೇಲೆ ಎಲ್ಲ ನಿಲ್ಲುತ್ತದೆ. ಅಂದು ಹಾಗಿರಲಿಲ್ಲ. ಟ್ರೇಯಿಂದ ಹಾಳೆ ಎಳೆದುಕೊಳ್ಳುವ ಯತ್ನವನ್ನೇ ಮಾಡದೆ ಯಂತ್ರ ಜಾಮ್ ಎನ್ನುತ್ತಿತ್ತು. ಒಳಗೆ ಈಗಾಗಲೇ ಹಾಳೆಯಿದೆ ಎಂದು ಯಾವುದೋ ಸೆನ್ಸರ್ ಅದಕ್ಕೆ ತಿಳಿಸುತ್ತಿದೆ ಎಂದಾಯಿತು.

ಈ ಸೆನ್ಸರ್ ಕಾಗದವನ್ನು ಕಾಣುವುದಿಲ್ಲ. ಅಲ್ಲಿರುವುದು ಎದುರುಬದುರು ಕುಳಿತ ಎರಡು ಪುಟ್ಟ ಭಾಗಗಳು. ಒಂದು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ನಡುವೆ ಪ್ಲಾಸ್ಟಿಕ್ಕಿನ ಒಂದು ಲಿವರ್. ಹಾಳೆ ಬಂದು ತಳ್ಳಿದಾಗ ಲಿವರ್ ಓರೆಯಾಗುತ್ತದೆ, ಹಾಳೆ ದಾಟಿದ ಮೇಲೆ ಸ್ಪ್ರಿಂಗ್ ಅದನ್ನು ಮೊದಲಿನ ಜಾಗಕ್ಕೆ ತರುತ್ತದೆ. ಬೆಳಕು ತಡೆದದ್ದು, ಬಿಟ್ಟದ್ದು ಇಷ್ಟೇ ಯಂತ್ರಕ್ಕೆ ಗೊತ್ತಾಗುವುದು. ಉಳಿದದ್ದು ಸಮಯದ ಲೆಕ್ಕ. ನಿಮಿಷಕ್ಕೆ 20 ಪುಟ ಮುದ್ರಿಸುವ ಯಂತ್ರದಲ್ಲಿ ಒಂದು ಪುಟದ ಪಾಲಿಗೆ ಬರುವುದು 3 ಸೆಕೆಂಡು. ದಾರಿಯ ಪ್ರತಿ ಸೆನ್ಸರನ್ನೂ ಹಾಳೆ ಗೊತ್ತಾದ ಹೊತ್ತಿಗೆ ಮುಟ್ಟಬೇಕು, ಗೊತ್ತಾದ ಹೊತ್ತಿಗೆ ಬಿಡಬೇಕು. ಮುಟ್ಟದಿದ್ದರೂ ಜಾಮ್, ಬಿಡದಿದ್ದರೂ ಜಾಮ್. ಪರದೆಯ ಮೇಲೆ ಬರುವ ಆ ಎರಡು ಪದಗಳನ್ನು ನಾನು ಹೀಗೇ ಓದುತ್ತೇನೆ. ಹೀಗೆ ಓದಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

“ನಿನ್ನೆ ಸಂಜೆ ಒಂದು ಹಾಳೆ ಸಿಕ್ಕಿಹಾಕಿಕೊಂಡಿತ್ತು, ಎಳೆದಾಗ ಹರಿದು ಬಂತು ಸರ್” ಎಂದರು ಅಟೆಂಡರ್ ಅಕ್ಕ. ಕಸದ ಬುಟ್ಟಿ ಇನ್ನೂ ಖಾಲಿಯಾಗಿರಲಿಲ್ಲ. ಇಬ್ಬರೂ ಸೇರಿ ಹರಿದ ತುಂಡುಗಳನ್ನು ಆಯ್ದು ಮೇಜಿನ ಮೇಲೆ ಜೋಡಿಸಿದೆವು. ಹಾಳೆ ಪೂರ್ತಿಯಾಯಿತು, ಬಲತುದಿಯ ಒಂದು ಮೂಲೆ ಬಿಟ್ಟು. ಆ ಮೂಲೆ ಯಂತ್ರದೊಳಗಲ್ಲದೆ ಇನ್ನೆಲ್ಲಿರಲು ಸಾಧ್ಯ? ಅಂದಿನಿಂದ ನಮ್ಮಲ್ಲಿ ಹರಿದ ಹಾಳೆಯನ್ನು ಜೋಡಿಸಿ ನೋಡದೆ ಯಾರೂ ಎಸೆಯುವುದಿಲ್ಲ.

ಎಲ್ಲಿ ಹುಡುಕಬೇಕೆಂದೂ ಆ ಹಾಳೆಯೇ ಹೇಳಿತು. ಅಕ್ಷರಗಳನ್ನು ಬೆರಳಿನಿಂದ ಉಜ್ಜಿದೆ. ಮೇಲಿನ ಭಾಗದ್ದು ಅಳಿಸಲಿಲ್ಲ, ಕೆಳಗಿನ ಸಾಲುಗಳು ಮಸಿಯಾಗಿ ಬೆರಳಿಗೆ ಬಂದವು. ಅಕ್ಷರದ ರೂಪ ಹೊತ್ತು ತಿರುಗುವ ಉರುಳೆಯಾದ ಡ್ರಮ್ಮಿನಿಂದ ಹಾಳೆಗೆ ಇಳಿಯುವ ಟೋನರ್ ಬರಿಯ ಪುಡಿ. ಫ್ಯೂಸರ್ ಎಂಬ ಕಾದ ಭಾಗದ ಬಿಸಿಯಲ್ಲಿ ಕರಗಿ ಒತ್ತಿಕೊಂಡ ಮೇಲಷ್ಟೇ ಅದು ಹಾಳೆಗೆ ಅಂಟುತ್ತದೆ. ಹಾಗಾದರೆ ಈ ಹಾಳೆ ಅರ್ಧ ಫ್ಯೂಸರ್ ದಾಟಿ ನಿಂತಿತ್ತು. ಮುದ್ರಣವೇ ಇಲ್ಲದೆ ಬಿಳಿಯಾಗಿ ಸಿಕ್ಕ ಹಾಳೆಯಾಗಿದ್ದರೆ ಟ್ರೇಯ ಕಡೆ ಹುಡುಕುತ್ತಿದ್ದೆ.

ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುವ ಭಾಗ, ಅವಸರದಲ್ಲಿ ಕೈಹಾಕುವ ಜಾಗವಲ್ಲ. ಪ್ಲಗ್ ಕಿತ್ತು ಆರಲು ಬಿಟ್ಟೆವು. ಅಷ್ಟರಲ್ಲಿ ಬಸ್ಸಿಗೆ ಹೊರಡಬೇಕಾದ ಮಕ್ಕಳಿಗೆ ಕೈಬರಹದಲ್ಲೇ ಪ್ರಮಾಣ ಪತ್ರ ಬರೆದೆ. ಪ್ರಾಂಶುಪಾಲರು ಬೇಸರಿಸದೆ ಸಹಿ ಮಾಡಿ ಮೊಹರು ಒತ್ತಿದರು.

ಆರಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಹಿಂಬದಿಯಿಂದ ನೋಡಿದೆ. ಫ್ಯೂಸರಿನಾಚೆ, ಹಾಳೆ ಹೊರಬೀಳುವ ದಾರಿಯಲ್ಲಿ, ಅಕ್ಕಿಕಾಳಿನಷ್ಟು ಮಾತ್ರ ಹೊರಗೆ ಕಾಣುವ ಕಪ್ಪು ಲಿವರ್. ಪೆನ್ಸಿಲ್ ತುದಿಯಿಂದ ಮೆಲ್ಲಗೆ ಒತ್ತಿದರೆ ಅಲುಗಲಿಲ್ಲ. ಅದರ ಬುಡದಲ್ಲಿ, ಎರಡು ಮಡಿಕೆಯಾಗಿ ಕಂದು ಬಣ್ಣಕ್ಕೆ ತಿರುಗಿದ ಆ ಮೂಲೆ ಬೆಣೆಯಂತೆ ಕೂತಿತ್ತು. ಚಿಮುಟದಿಂದ ಹಿಡಿದು, ಹಾಳೆ ಸಾಗುವ ದಿಕ್ಕಿಗೇ ಎಳೆದೆ. ಲಿವರ್ ಟಕ್ಕೆಂದು ಜಾಗಕ್ಕೆ ಬಂತು. ಪ್ಲಗ್ ಹಾಕಿದೆ, ಹಸಿರು ದೀಪ ಬಂತು.

ಆದರೆ ಹಿಂದಿನ ಸಂಜೆ ಆ ಹಾಳೆ ಸಿಕ್ಕಿಕೊಂಡದ್ದೇಕೆ? ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ದುಡಿದಿದ್ದ ನನ್ನ ಚಿಕ್ಕಪ್ಪ, ಕಾಗದ ನೀರು ಕುಡಿಯುವ ವಸ್ತು ಎಂದು ಹೇಳುತ್ತಿದ್ದರು. ನಾರಿನಿಂದಾದದ್ದು, ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಟ್ರೇಯಲ್ಲಿ ವಾರದಿಂದ ಬಿದ್ದಿದ್ದ ಹಾಳೆಗಳು ಮುಟ್ಟಿದರೆ ಮೆತ್ತಗೆ, ಅಂಚು ಅಲೆಯಲೆ. ತೇವದ ಹಾಳೆಗಳು ಒಂದಕ್ಕೊಂದು ಅಂಟಿ ಜೋಡಿಯಾಗಿ ಹೋಗುತ್ತವೆ. ಫ್ಯೂಸರಿನ ಬಿಸಿಗೆ ತೇವ ಆವಿಯಾದಾಗ ಸುರುಳಿಯಾಗಿ ಹೊರದಾರಿಗೆ ಅಡ್ಡ ನಿಲ್ಲುತ್ತವೆ. ಅವನ್ನೆಲ್ಲ ತೆಗೆದು ಹೊಸ ರೀಮು ಒಡೆದೆವು. ಈಗ ಮಳೆಗಾಲದಲ್ಲಿ ಆ ದಿನಕ್ಕೆ ಬೇಕಾದಷ್ಟೇ ಟ್ರೇಗೆ ಹಾಕುತ್ತೇವೆ, ಉಳಿದದ್ದನ್ನು ಅದೇ ಹೊದಿಕೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತೇವೆ.

ಹಾಳೆ ಎತ್ತುವ ರೋಲರಿನ ರಬ್ಬರು ನುಣುಪಾಗಿ ಹೊಳೆಯುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದಾಗ ಕಾಗದದ ಬಿಳಿ ಧೂಳು ಬಂತು, ಹಿಡಿತವೂ ಸ್ವಲ್ಪ ಬಂತು. ಸವೆದ ರಬ್ಬರಿಗೆ ಅದು ಕೆಲವು ದಿನದ ಉಪಚಾರವಷ್ಟೇ. ಸಂಜೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಬೋರ್ಡ್ ಸರಿಯಿದೆ, ರೋಲರ್ ಒಂದನ್ನು ತನ್ನಿ ಎಂದೆ. ಅವರು ಮಾಡೆಲ್ ಸಂಖ್ಯೆ ಬರೆದುಕೊಂಡು, ಈ ಕಡೆ ಬಂದಾಗ ಹಾಕಿಕೊಡುವುದಾಗಿ ಹೇಳಿದರು.