ಶರಣಾಗು ಅನ್ನುವ ಮುಂಚೆ

"ತಪ್ಪು ಮಾಡಿಲ್ಲ ಅಂದ್ರೆ ಸ್ನೋಡೆನ್ ಅಮೆರಿಕಕ್ಕೆ ಬಂದು ಶರಣಾಗಲಿ" ಅಂತ ಇವತ್ತು ಮತ್ತೆ ಯಾರೋ ಹೇಳಿದರು. ಅಮೆರಿಕ ಸರ್ಕಾರ ತನ್ನ ಜನರ ಫೋನ್ ದಾಖಲೆಗಳನ್ನು ಗುಟ್ಟಾಗಿ ಸಂಗ್ರಹಿಸುತ್ತಿದ್ದುದನ್ನು 2013ರಲ್ಲಿ ಬಯಲು ಮಾಡಿ ದೇಶ ಬಿಟ್ಟವನು ಈ ಸ್ನೋಡೆನ್. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ವಿಯೆಟ್ನಾಂ ಯುದ್ಧದ ಗುಟ್ಟಿನ ಕಾಗದಗಳನ್ನು ಹೊರಗೆ ಹಾಕಿದ ಡೇನಿಯಲ್ ಎಲ್ಸ್‌ಬರ್ಗ್ 1971ರಲ್ಲಿ ಬಾಸ್ಟನ್‌ನಲ್ಲಿ ತಾವೇ ಹೋಗಿ ಶರಣಾದರಲ್ವಾ? ಆದರೆ ಅವರಿಗೆ ಜಾಮೀನು ಸಿಕ್ಕಿತ್ತು. ಹೊರಗಿದ್ದೇ ಜನರ ಮುಂದೆ ಮಾತಾಡಿದರು. ಸರ್ಕಾರದ ಕಡೆಯವರೇ ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿದ್ದು ಬಯಲಾಗಿ 1973ರಲ್ಲಿ ಕೇಸು ಬಿದ್ದುಹೋಯಿತು. ಸ್ನೋಡೆನ್ ದೇಶ ಬಿಟ್ಟಿದ್ದು ಸರಿ ಅಂತ 2013ರಲ್ಲಿ ಬರೆದವರೂ ಇದೇ ಎಲ್ಸ್‌ಬರ್ಗ್.

ಸ್ನೋಡೆನ್ ಮೇಲಿರುವುದು 1917ರ ಬೇಹುಗಾರಿಕೆ ಕಾಯ್ದೆ. ಜನರ ಒಳಿತಿಗೆ ಮಾಡಿದೆ ಅಂತ ಜ್ಯೂರಿ ಮುಂದೆ ವಾದಿಸಲು ಅಲ್ಲಿ ದಾರಿಯೇ ಇಲ್ಲ. ಸೇನೆಯಲ್ಲಿದ್ದುಕೊಂಡು ಗುಟ್ಟಿನ ಕಡತಗಳನ್ನು ಹೊರಗೆ ಹಾಕಿದ ಚೆಲ್ಸಿ ಮ್ಯಾನಿಂಗ್‌ಗೆ 35 ವರ್ಷ ಶಿಕ್ಷೆ ಆಗಿದ್ದೂ ಅದೇ 2013ರಲ್ಲಿ.

ಪಾಸ್‌ಪೋರ್ಟ್ ರದ್ದಾಗಿ ಸ್ನೋಡೆನ್ ಮಾಸ್ಕೋ ವಿಮಾನ ನಿಲ್ದಾಣದೊಳಗೆ ಸುಮಾರು 40 ದಿನ ಕಳೆದ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಕೊನೇ ಬಸ್ಸು ತಪ್ಪಿ ನಾನೊಮ್ಮೆ ಬಸ್ ಸ್ಟ್ಯಾಂಡಿನ ಕಬ್ಬಿಣದ ಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಮಲಗಿದ್ದೆ. ಬೆಳಗಾದರೆ ಮನೆಗೆ ಹೋಗುತ್ತೇನೆ ಅನ್ನುವ ಧೈರ್ಯ ನನಗಿತ್ತು.

2020ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟೇ ಆ ಫೋನ್ ದಾಖಲೆ ಸಂಗ್ರಹ ಕಾನೂನುಬಾಹಿರ ಅಂದಿತು. ಆತ ಮಾತ್ರ ಇನ್ನೂ ರಷ್ಯಾದಲ್ಲೇ ಇದ್ದಾನೆ.