ಲಾಟ್ ಬಾಬಾನಿಗೆ ಬರೆದ ಅರ್ಜಿಗಳು

ದಿಲ್ಲಿಯಲ್ಲಿ ವಾರವಿಡೀ ಮ್ಯೂಸಿಯಂ, ಕೋಟೆ, ಗೋರಿ ಅಂತಲೇ ತಿರುಗಿದೆ. ಕೆಂಪುಕೋಟೆಗಿಂತ ಹುಮಾಯೂನನ ಸಮಾಧಿ ನನಗೆ ಎಷ್ಟೋ ಪಾಲು ಹೆಚ್ಚು ಹಿಡಿಸಿತು. ಕುತುಬ್ ಮಿನಾರಿನ ಬುಡದಲ್ಲಿ ಫೋಟೋ ತೆಗೆಯುವವರ ನೂಕುನುಗ್ಗಲು, ನಿಂತು ನೋಡುವುದಕ್ಕೇ ಆಗಲಿಲ್ಲ. ರಾಷ್ಟ್ರೀಯ ಮ್ಯೂಸಿಯಂನಲ್ಲಿ ಮೊಹೆಂಜೊದಾರೊದ ನರ್ತಕಿ ಇದ್ದಾಳೆ. ಎತ್ತರ ಬರೀ 10.5 ಸೆಂಟಿಮೀಟರ್, ಎಡಗೈ ತುಂಬ ಬಳೆ, ಬಲಗೈ ಸೊಂಟದ ಮೇಲೆ. ಪಠ್ಯಪುಸ್ತಕದ ಚಿತ್ರ ನೋಡಿ ಬೆಳೆದವರು ಇಷ್ಟು ಪುಟ್ಟ ಗೊಂಬೆ ಅಂತ ಎಣಿಸಿರುವುದಿಲ್ಲ. ಆದರೆ ನಾನು ಬರೆಯಲು ಕೂತದ್ದು ಗುರುವಾರ ನೋಡಿದ ಫಿರೋಜ್ ಶಾ ಕೋಟ್ಲಾ ಎಂಬ ಪಾಳು ಕೋಟೆಯ ಬಗ್ಗೆ.

ಮೊದಲು ಒಂದು ಎಚ್ಚರಿಕೆ. ಆಟೋದವರಿಗೆ ಬರೀ ‘ಕೋಟ್ಲಾ’ ಎನ್ನಬೇಡಿ. ನನ್ನನ್ನು ಸೀದಾ ಪಕ್ಕದ ಕ್ರಿಕೆಟ್ ಸ್ಟೇಡಿಯಂ ಗೇಟಿನ ಮುಂದೆ ಇಳಿಸಿದ. ಕೋಟೆಗೆ ಹೋಗಬೇಕಪ್ಪಾ ಅಂದರೆ, ಅದಕ್ಕೆ ಬೇರೆ ದುಡ್ಡು ಅಂತ ಜಗಳಕ್ಕೇ ಬಂದ. ಸುಡುಬಿಸಿಲಲ್ಲಿ ನಡೆದೇ ಹೋದೆ. ಈಗಲೂ ನೆನೆದರೆ ಮೈ ಉರಿಯುತ್ತದೆ. ಮೆಟ್ರೋದಲ್ಲಿ ದಿಲ್ಲಿ ಗೇಟ್ ಸ್ಟೇಷನ್ನಿಗೆ ಬಂದು ಇಳಿದರೆ ಈ ರಗಳೆಯೇ ಇಲ್ಲ.

ನಾನು ರಾಯಚೂರು ಕಡೆಯವಳು. ನಮ್ಮ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲೇ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಕಂಡದ್ದು. ಅದೇ ರಾಜನ ಕಂಬವೊಂದು ಕೋಟ್ಲಾದ ಮೂರಂತಸ್ತಿನ ಕಟ್ಟಡದ ನೆತ್ತಿಯ ಮೇಲಿದೆ. 14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಶಾ ತುಘಲಕ್ ಇದನ್ನು ಈಗಿನ ಹರಿಯಾಣದ ತೋಪ್ರಾದಿಂದ ತರಿಸಿದ. ಬೂರುಗದ ಹತ್ತಿಯ ರಾಶಿಯ ಮೇಲೆ ಕಂಬವನ್ನು ಮೆಲ್ಲಗೆ ಒರಗಿಸಿ, ಜೊಂಡು, ಹಸಿ ಚರ್ಮ ಸುತ್ತಿ, 42 ಗಾಲಿಗಳ ಬಂಡಿಗೇರಿಸಿ ಯಮುನೆಗೆ ಎಳೆದು, ದೋಣಿಗಳಲ್ಲಿ ದಿಲ್ಲಿಗೆ ತಂದರಂತೆ. ಆ ಕಾಲದ ಚರಿತ್ರೆಕಾರ ಅಫೀಫ್ ಬರೆದಿಟ್ಟಿದ್ದಾನೆ. ಸುಲ್ತಾನ ಪಂಡಿತರನ್ನು ಕರೆಸಿದರೂ ಕಂಬದ ಮೇಲಿನ ಅಶೋಕನ ಬರಹ ಯಾರಿಗೂ ಓದಲು ಬರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ ಮೇಲೆಯೇ ಅದಕ್ಕೆ ಮಾತು ಬಂದದ್ದು.

ಮೇಲೆ ಹತ್ತುವ ದಾರಿಗೆ ಬೀಗ. ಕೆಳಗಿನಿಂದ ಕತ್ತು ನೋಯುವ ತನಕ ನೋಡಿದೆ. ಅಷ್ಟರಲ್ಲಿ ಊದುಬತ್ತಿಯ ಘಮ. ತಿರುಗಿದರೆ ಪಾಳುಗೋಡೆಯ ಗೂಡುಗಳಲ್ಲಿ ಹಣತೆ, ಗುಲಾಬಿ ದಳ, ಹಾಲಿನ ಬಟ್ಟಲು. ಮಸಿ ಹಿಡಿದ ಕಲ್ಲಿನ ಸಂದುಗಳಿಗೆ ಮಡಚಿ ಸಿಕ್ಕಿಸಿದ ಕಾಗದಗಳು. ಗುರುವಾರ ಜನ ಇಲ್ಲಿಗೆ ಬಂದು ಜಿನ್‌ಗಳಿಗೆ, ಅಂದರೆ ಕಣ್ಣಿಗೆ ಕಾಣದ ಶಕ್ತಿಗಳಿಗೆ, ಅರ್ಜಿ ಕೊಡುತ್ತಾರೆ. ಜಿನ್‌ಗಳಿಗೆಲ್ಲ ಹಿರಿಯ ‘ಲಾಟ್ ವಾಲೇ ಬಾಬಾ’. ಲಾಟ್ ಅಂದರೆ ಈ ಕಂಬವೇ.

ನನ್ನ ಪಕ್ಕ ಒಬ್ಬ ಹೆಂಗಸು ಬ್ಯಾಗಿನಿಂದ ಒಂದು ಕಟ್ಟು ಜೆರಾಕ್ಸ್ ತೆಗೆದರು. ಮೂಲೆಯಲ್ಲಿ ಒಬ್ಬ ಹುಡುಗನ ಪಾಸ್‌ಪೋರ್ಟ್ ಫೋಟೋ.

“ಇಷ್ಟೊಂದು ಪ್ರತಿ ಯಾಕೆ ಖಾಲಾ?” ಅಂದೆ.

“ಗೂಡಿಗೊಂದರಂತೆ ಬೇಟಾ. ಯಾರ ಕೈಗೆ ಮೊದಲು ಸಿಗುತ್ತೋ.” ಮಗ ಎರಡು ವರ್ಷದಿಂದ ಕೆಲಸವಿಲ್ಲದೆ ಕೂತಿದ್ದಾನಂತೆ. ವಿಳಾಸವನ್ನು ಮನೆ ನಂಬರು, ಗಲ್ಲಿ ಸಮೇತ ಬರೆದಿದ್ದರು. “ಬಾಬಾ ಮನೆ ಹುಡುಕಿಕೊಂಡು ಬರಬೇಕಲ್ಲ?”

ನಂಬಿಕೆ ನನ್ನದಲ್ಲ, ಆದರೆ ಆ ವಿಳಾಸದ ಅಚ್ಚುಕಟ್ಟು ನೋಡಿ ಗಂಟಲು ಕಟ್ಟಿತು. ಹಿಂದೂ ಹೆಣ್ಣುಮಕ್ಕಳೂ ಬರುತ್ತಾರಾ ಅಂತ ಕೇಳಿದೆ. ಅವರು ತುಸು ದೂರದಲ್ಲಿ ಸಿಂಧೂರ ಇಟ್ಟು ದೀಪ ಹಚ್ಚುತ್ತಿದ್ದವಳ ಕಡೆ ಕೈ ತೋರಿಸಿ, “ಕಷ್ಟ ಇದ್ದವರೆಲ್ಲ ಬರುತ್ತಾರೆ” ಅಂದರು.

ಆಮೇಲೆ ಅವರೇ ಕಂಬದತ್ತ ನೋಡಿ ಕೇಳಿದರು: “ಅದರ ಮೇಲೂ ಏನೋ ಬರೆದಿದೆಯಂತಲ್ಲ, ನಿನಗೆ ಗೊತ್ತಾ?”

ಗೊತ್ತಿದ್ದಷ್ಟು ಹೇಳಿದೆ. ಒಬ್ಬ ಬಾದಶಾ, ಎರಡು ಸಾವಿರ ವರ್ಷಕ್ಕೂ ಹಿಂದಿನವನು. ದಾರಿಯಲ್ಲಿ ದನಕರುಗಳಿಗೂ ಮನುಷ್ಯರಿಗೂ ನೆರಳಾಗಲಿ ಅಂತ ಆಲದ ಮರ ನೆಡಿಸಿದೆ, ಮಾವಿನ ತೋಪು ಮಾಡಿಸಿದೆ, ಬಾವಿ ತೋಡಿಸಿದೆ ಅಂತ ಬರೆಸಿದ್ದಾನೆ. ತನ್ನ ಮಕ್ಕಳು ಮರಿಮಕ್ಕಳ ಕಾಲಕ್ಕೂ, ಸೂರ್ಯಚಂದ್ರರಿರುವ ತನಕ ಇದು ನಡೆಯಲಿ, ಅದಕ್ಕೇ ಕಲ್ಲಿನಲ್ಲಿ ಕೆತ್ತಿ ಅಂದಿದ್ದಾನೆ. ಈ ಮಾತುಗಳಿರುವ ಏಳನೇ ಶಾಸನ ಅವನ ಬೇರೆ ಯಾವ ಕಂಬದ ಮೇಲೂ ಇಲ್ಲ, ಇದೊಂದರ ಮೇಲೆಯೇ.

ಖಾಲಾ ತಲೆಯ ಸೆರಗು ಸರಿಮಾಡಿಕೊಂಡು ಎಲ್ಲ ಕೇಳಿಸಿಕೊಂಡರು. “ಬಾವಿ ಇಲ್ಲೂ ಇದೆ, ದೊಡ್ಡ ಬಾವೋಲಿ. ಈಗ ಬೀಗ ಹಾಕಿಟ್ಟಿದ್ದಾರೆ. ಬಾ, ಹೊರಗಿನಿಂದಲೇ ತೋರಿಸುತ್ತೇನೆ” ಅಂದು, ಉಳಿದ ಜೆರಾಕ್ಸುಗಳನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ಹೋಗುವ ದಾರಿಯಲ್ಲಿ ಸಿಕ್ಕ ಗೂಡುಗಳಿಗೆಲ್ಲ ಒಂದೊಂದು ಪ್ರತಿ ನಾನೇ ಇಟ್ಟೆ.